ಡೋಲು ಸುಮ್ಮನಿದ್ದ ತಿಂಗಳು

ಮೇ ೭, ಮಂಗಳವಾರ

ನಿನ್ನೆಯಿಂದ ಊರಿನ ಬಾಯಿಗೆ ಬೀಗ. ಪೂಜಾರಿಗಳು ಜೋಳ ಬಿತ್ತಿ ಬಂದರು. ಅದು ಮೊಳೆತು ನಿಲ್ಲಲು ಮೌನ ಬೇಕು. ಇನ್ನು ಒಂದು ತಿಂಗಳು ಡೋಲು ಬಾರಿಸುವಂತಿಲ್ಲ, ಗಂಟೆ ಹೊಡೆಯುವಂತಿಲ್ಲ, ಮೈಕು ಹಚ್ಚುವಂತಿಲ್ಲ. ಚರ್ಚಿನಲ್ಲೂ ಬರೀ ಚಪ್ಪಾಳೆ. ಹೊರಗಿನಿಂದ ಬಂದು ನೆಲೆಸಿದವರು ಗೊಣಗುತ್ತಾರೆ. ನಾನು ಇಲ್ಲಿನ ಮೂಲದ ಗಾ ಜನದವನು, ನನ್ನ ತಾಯಿಯ ತಂದೆ ಅದೇ ಪೂಜಾರಿಗಳ ಮನೆಯವನು. ನನಗೆ ಈ ತಿಂಗಳೆಂದರೆ ಇಷ್ಟ. ಅಕ್ರಾ ನಗರ ವರ್ಷಕ್ಕೊಮ್ಮೆ ಉಸಿರು ಬಿಡುವುದು ಈಗಲೇ.

ಇವತ್ತು ಬರೆಯಬೇಕಾದದ್ದು ಬೇರೆ. ಕಂಪ್ಯೂಟರ್ ಏಳುತ್ತಿಲ್ಲ. ಗುಂಡಿ ಒತ್ತಿದರೆ ಹಸಿರು ದೀಪ ಹತ್ತುತ್ತದೆ, ಹಿಂಬದಿಗೆ ಅಂಗೈ ಹಿಡಿದರೆ ಫ್ಯಾನಿನ ಗಾಳಿ ತಾಗುತ್ತದೆ, ಪರದೆ ಮಾತ್ರ ಕಪ್ಪು. ಆರಿಸಿ ಹಚ್ಚಿದೆ. ಬೆನ್ನಿಗೆ ಎರಡು ಗುದ್ದು ಕೊಟ್ಟೆ. ಊಹೂಂ. ಹಳೆಯ ಯಂತ್ರ, ನಿಜ. ನನ್ನ ಹೆಂಡತಿ ಬದುಕಿದ್ದಾಗ ತಂದದ್ದು. ಧೂಳು ಕೂರದಿರಲೆಂದು ಅವಳೇ ಕಸೂತಿ ಬಟ್ಟೆ ಹೊದಿಸಿದ್ದಳು. ಆದರೆ ಕೈಕೊಡಲು ಇದೇ ತಿಂಗಳು ಬೇಕಿತ್ತೇ?

ಅದರ ಹೊಟ್ಟೆಯೊಳಗೆ ನನ್ನ ಸುಗ್ಗಿ ಹಾಡಿದೆ. ನಾಲ್ಕು ಧ್ವನಿಗಳಿಗೆ, ಎರಡು ವರ್ಷ ಕೂತು ಬರೆದದ್ದು. ಹಿಂದೆ ಕಾಗದದ ಮೇಲೆ ಬರೆದ ಹಾಡುಗಳನ್ನು ಗೆದ್ದಲು ತಿಂದ ಮೇಲೆ ಈ ಯಂತ್ರವನ್ನೇ ನಂಬಿದ್ದೆ. ಅರ್ಧ ಹಾಡನ್ನು ಮುದ್ರಿಸಿ ಗಾಯಕರಿಗೆ ಕೊಟ್ಟಾಗಿದೆ, ಉಳಿದರ್ಧ ಒಳಗೇ ಇದೆ. ನಿಷೇಧ ಎದ್ದ ಮೊದಲ ಭಾನುವಾರ ಅದನ್ನು ಚರ್ಚಿನಲ್ಲಿ ಹಾಡಿಸಬೇಕು. ಈಸ್ಟರ್ ಮುಗಿದ ಮೇಲೆ ಚರ್ಚಿನ ಹಿರಿಯರ ಸಭೆಯವರು ನನ್ನನ್ನು ಕೂರಿಸಿಕೊಂಡು, ಮೇಷ್ಟ್ರೇ ನಿಮಗೂ ವಯಸ್ಸಾಯಿತು, ಗಾಯನ ನಡೆಸುವ ಕೋಲನ್ನು ಒಕಾಂಟೇ ಕೈಗೆ ಕೊಡಬಹುದಲ್ಲ ಎಂದಿದ್ದರು. ಒಕಾಂಟೇ ಆರ್ಗನ್ ನುಡಿಸುವವನು, ನಾನೇ ಕಲಿಸಿದವನು, ಈಗ ಇಬ್ಬರು ಮಕ್ಕಳ ತಂದೆ. ಈ ಹಾಡು ಕೇಳಿ, ಆಮೇಲೆ ಮಾತಾಡಿ ಎಂದು ಅವರ ಮುಖಕ್ಕೆ ಹೇಳಿ ಎದ್ದು ಬಂದಿದ್ದೇನೆ. ಈಗ ಹಾಡೇ ಇಲ್ಲವೆಂದರೆ ನಗೆಪಾಟಲು.

ಯಂತ್ರದ ಮುಂದೆ ಕೂತಿದ್ದಾಗ ಮಗಳು ಶೋರ್ಮೆ ಹಿತ್ತಲಿನಿಂದ ಓಡಿ ಬಂದಳು. ಕೈತುಂಬ ಕೆಂಕಿ ಕಡುಬಿನ ಜೋಳದ ಹಿಟ್ಟು. ಆಫ್ ಮಾಡಿ ಅಪ್ಪಾ, ಪಕ್ಕದ ಮನೆ ಮಗು ಈಗಷ್ಟೇ ಮಲಗಿದೆ ಎಂದಳು. ನನ್ನ ಕಂಪ್ಯೂಟರಿಗೂ ಪಕ್ಕದ ಮನೆ ಮಗುವಿನ ನಿದ್ದೆಗೂ ಏನು ಸಂಬಂಧವೋ. ಹೆಂಗಸರಿಗೆ ಗೊಣಗಲು ಒಂದು ನೆಪ ಬೇಕು.

ಮೇ ೯, ಗುರುವಾರ

ಮುಚ್ಚಳ ಬಿಚ್ಚಿದೆ. ಒಳಗೆ ಒಣಗಿದ ಹಲ್ಲಿಯೊಂದು, ಕಡಲ ಗಾಳಿಯ ಉಪ್ಪು ಬೆರೆತ ಧೂಳು. ಬಣ್ಣದ ಕುಂಚ ತಂದು ಗುಡಿಸಿದೆ, ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದೆ. ಹಚ್ಚಿದೆ. ಮೇಜಿನ ಕೆಳಗೆ ಮಲಗಿದ್ದ ಬೆಕ್ಕು ಬಾಲ ಉಬ್ಬಿಸಿಕೊಂಡು ಹೊರಗೆ ಹಾರಿತು. ಪರದೆ ಕಪ್ಪು. ಮತ್ತೆ ಮತ್ತೆ ಹಚ್ಚಿ ನೋಡಿದೆ.

ಈ ಸಲ ನಿಷೇಧವನ್ನು ಜನ ಬಹಳ ಚೆನ್ನಾಗಿ ಪಾಲಿಸುತ್ತಿದ್ದಾರೆ. ಬಾಗಿಲಲ್ಲಿ ಕೂತು ಕಾಫಿ ಕುಡಿದೆ, ಒಂದು ಕಾಗೆಯೂ ಕೂಗಲಿಲ್ಲ. ಬೆಳಗಿನ ಹೊತ್ತು ಬ್ರೆಡ್ ಮಾರುವವಳು ಕೂಡ ಬಾಯಿ ಮಾತ್ರ ತೆರೆದು ಹೋದಳು. ಮೊದಲೆಲ್ಲ ಹೀಗಿರಲಿಲ್ಲ. ಕದ್ದು ಮುಚ್ಚಿ ರೇಡಿಯೊ ಹಾಕುತ್ತಿದ್ದರು. ಜನಕ್ಕೆ ಬುದ್ಧಿ ಬಂದಿದೆ.

ಮೇ ೧೧, ಶನಿವಾರ

ಅಭ್ಯಾಸ. ಕಿಟಕಿ ಮುಚ್ಚಿಕೊಂಡು ಹಾಡಬೇಕು, ಬೆವರು ಹಣೆಯಿಂದ ಇಳಿಯುತ್ತದೆ. ಅದು ಇರಲಿ. ಮೇಲಿನ ಸ್ವರ ಹಾಡುವ ಸೊಪ್ರಾನೊ ಹೆಂಗಸರಿಗೆ ಏನಾಗಿದೆ? ಕೆಳಗಿನ ಸ್ವರದ ಬಾಸ್ ಗಂಡಸರ ಧ್ವನಿ ಗೋಡೆಗೆ ತಾಗುವ ಹಾಗಿದೆ, ಹೆಂಗಸರದ್ದು ಪಿಸುಮಾತು. ಲಮಿಲೇ ಮೀನು ಮಾರುವಾಗ ಬೀದಿಯ ಆ ತುದಿಗೆ ಕೇಳುವವಳು, ಇಲ್ಲಿ ತುಟಿ ಆಡಿಸುತ್ತ ನಿಂತಿದ್ದಾಳೆ. ನಿಷೇಧ ಡೋಲಿಗೆ, ನಿಮ್ಮ ಗಂಟಲಿಗಲ್ಲ ಎಂದೆ. ಊಟ ಮಾಡಿ ಬಂದವರ ಹಾಗೆ ಹಾಡಿ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಕಾಂಟೇ ಆರ್ಗನ್ನಿನ ಹಿಂದೆ ತಲೆ ತಗ್ಗಿಸಿಕೊಂಡು ಕೂತಿದ್ದ. ಅವನೇ ಏನೋ ಹೇಳಿಕೊಟ್ಟಿದ್ದಾನೆ. ಮುದುಕನಿಗೆ ಸಾಕಾಗುವ ಹಾಗೆ ಮಾಡಿ, ತಾನೇ ಬಿಟ್ಟು ಹೋಗುತ್ತಾನೆ ಅಂತ ಇರಬೇಕು.

ಉಳಿದರ್ಧ ಹಾಡು ಯಾವಾಗ ಕೊಡುತ್ತೀರಿ ಎಂದು ಲಮಿಲೇ ಕೇಳಿದಳು. ಬರುವ ವಾರ ಎಂದೆ. 

ಮೇ ೧೪, ಮಂಗಳವಾರ

ರಿಪೇರಿ ಅಂಗಡಿಗಳಿರುವ ಸರ್ಕಲ್‌ಗೆ ಹೋಗಿದ್ದೆ. ಕಂಪ್ಯೂಟರನ್ನು ತ್ರೋತ್ರೋದಲ್ಲಿ ಒಯ್ಯಲಿಲ್ಲ. ಆ ವ್ಯಾನುಗಳು ಗುಂಡಿ ಹಾರಿಸುವ ರೀತಿಗೆ ಮನುಷ್ಯರ ಎಲುಬೇ ಉಳಿಯುವುದಿಲ್ಲ. ಇದ್ರಿಸು ಅಂಗಡಿಯಲ್ಲೇ ಇದ್ದ. ಉತ್ತರದವನು, ದಪ್ಪ ಕಂಠ, ನೇರ ಮಾತು. ಹಿಂದೊಮ್ಮೆ ನನ್ನ ಪ್ರಿಂಟರ್ ಸರಿಮಾಡಿದ್ದ. ಎಲ್ಲ ಕೇಳಿಸಿಕೊಂಡು ಅವನು ಒಂದೇ ಪ್ರಶ್ನೆ ಕೇಳಿದ.

"ಗುಂಡಿ ಒತ್ತಿದ ತಕ್ಷಣ ಅದು ಕೂಗತ್ತಾ ಮೇಷ್ಟ್ರೇ?"

ಏನು ಕೂಗುವುದು ಎಂದೆ. ಅವನು ವಿವರಿಸಿದ. ಒಳಗೊಂದು ಚಿಕ್ಕ ಪೀಪಿ ಇರುತ್ತದಂತೆ. ಯಂತ್ರ ಆರೋಗ್ಯವಾಗಿದ್ದರೆ ಒಂದು ಸಲ ಚಿಕ್ಕದಾಗಿ ಕೂಗಿ ಏಳುತ್ತದೆ. ಒಳಗೆ ಯಾವುದಾದರೂ ಅಂಗ ಕೆಟ್ಟಿದ್ದರೆ ಉದ್ದ ಗಿಡ್ಡ ಕೂಗಿ ಯಾವುದು ಅಂತ ತಾನೇ ಹೇಳುತ್ತದೆ. ಅದಾದರೆ ಸುಲಭ. ಏನೂ ಕೂಗದೆ ಕೂತಿದ್ದರೆ ಮಾತ್ರ ದೊಡ್ಡ ಬೋರ್ಡೇ ಹೋಗಿದೆ ಎಂದು ಅರ್ಥ.

"ನಲವತ್ತು ವರ್ಷ ಹಾಡು ಕಲ್ಸಿದೀನಿ ಕಣಯ್ಯಾ," ಎಂದೆ. "ಪಕ್ಕದ ಕೋಣೇಲಿ ಸೊಳ್ಳೆ ಅಪಸ್ವರ ತೆಗೆದ್ರೂ ನಂಗೆ ಗೊತ್ತಾಗತ್ತೆ. ಅದು ಕೂಗ್ತಿಲ್ಲ."

"ಹಂಗಿದ್ರೆ ಬೋರ್ಡ್ ಸತ್ತೋಗಿದೆ," ಎಂದ. "ಅಷ್ಟು ಹಳೇ ಬೋರ್ಡ್ ಹುಡುಕ್ಬೇಕು. ಸಿಕ್ಕಿದ್ಮೇಲೆ ಮನೇಗೇ ಬರ್ತೀನಿ. ಅಲ್ಲೀವರ್ಗೂ ಅದನ್ನ ಮುಟ್ಬೇಡಿ. ಸುಮ್ಸುಮ್ನೆ ಹಚ್ಚಿ ಆರ್ಸಿ ಮಾಡಿದ್ರೆ ಒಳಗಿರೋ ಡಿಸ್ಕೂ ಕೈಕೊಡತ್ತೆ. ನಿಮ್ಮ ಹಾಡು ಇರೋದು ಅದರಲ್ಲಿ."

ಮುಟ್ಟುವುದಿಲ್ಲ ಎಂದು ಹೇಳಿ ಬಂದೆ.

ಮೇ ೧೬, ಗುರುವಾರ

ಒಂದೇ ಒಂದು ಸಲ ಎಂದು ಹಚ್ಚಿದೆ. ಆಮೇಲೆ ಇನ್ನೂ ಕೆಲವು ಸಲ. ಪಕ್ಕದ ಮನೆಯವಳು ಮಗುವನ್ನು ಎತ್ತಿಕೊಂಡು ಬಂದು ನಮ್ಮ ಕಿಟಕಿಯ ಕಡೆ ಕೈ ತೋರಿಸಿ ಶೋರ್ಮೆಯ ಹತ್ತಿರ ಏನೋ ದೂರಿದಳು. ಅವಳು ಹೋದ ಮೇಲೆ ಶೋರ್ಮೆ ನನಗೆ ಏನೋ ಹೇಳಿದಳು, ಪಾತ್ರೆ ಕಡೆ ಮುಖ ಮಾಡಿಕೊಂಡು. ಅರ್ಧ ಗೊತ್ತಾಯಿತು, ಅರ್ಧ ಇಲ್ಲ. ಈಚೆಗೆ ಅವಳು ಮಾತನ್ನು ನುಂಗುತ್ತಾಳೆ. ಇನ್ನೊಮ್ಮೆ ಹೇಳು ಅನ್ನುವುದು ನನ್ನ ಜಾಯಮಾನವಲ್ಲ. ಹೂಂ ಎಂದೆ.

ಇದ್ರಿಸುವಿನಿಂದ ಸುದ್ದಿಯಿಲ್ಲ. ಫೋನ್ ನನ್ನ ಜೇಬಿನಲ್ಲೇ ಇತ್ತು, ಸಂಜೆ ತೆಗೆದು ನೋಡಿದರೆ ಅವನು ಐದಾರು ಸಲ ಕರೆ ಮಾಡಿದ್ದಾನೆ. ಈ ಫೋನಿನದ್ದೂ ಆಯುಸ್ಸು ಮುಗಿಯಿತು. ಮನೆಯಲ್ಲಿ ಇರುವ ಯಂತ್ರಗಳೆಲ್ಲ ಮಾತಾಡಿಕೊಂಡು ಮುಷ್ಕರ ಹೂಡಿದಂತಿದೆ.

ಮೇ ೧೮, ಶನಿವಾರ

ಇವತ್ತು ಆದ ಅವಮಾನವನ್ನು ಬರೆದುಬಿಡಬೇಕು, ಇಲ್ಲದಿದ್ದರೆ ಎದೆಯಲ್ಲಿ ಕುದಿಯುತ್ತದೆ.

ಅಭ್ಯಾಸದಲ್ಲಿ ಸೊಪ್ರಾನೊಗಳು ಮತ್ತೆ ಅದೇ ಪಿಸುಪಿಸು. ನಿಲ್ಲಿಸಿದೆ. ಇನ್ನೂ ಜೋರಾಗಿ ಎಂದೆ. ಹಾಡಿದರು. ಇನ್ನೂ ಎಂದೆ. ಲಮಿಲೇಯ ಕತ್ತಿನ ನರ ಉಬ್ಬಿತು, ಕಣ್ಣು ಕೆಂಪಾಯಿತು, ಆಗ ಸ್ವಲ್ಪ ಕೇಳಿಸಿತು. ಹಾಂ, ಹೀಗೆ ಎಂದೆ. ಇಡೀ ಮೊದಲರ್ಧವನ್ನು ಹಾಗೇ ಹಾಡಿಸಿದೆ. ಸಂತೋಷವಾಗಿತ್ತು ನನಗೆ.

ತಿರುಗಿ ನೋಡಿದರೆ ಬಾಗಿಲಲ್ಲಿ ನಿಷೇಧ ಕಾಯುವ, ಊರ ದೊರೆಯ ಮನೆಯ ಹಿರಿಯ ನಿಂತಿದ್ದಾನೆ, ಹೆಗಲ ಮೇಲೆ ಬಟ್ಟೆ, ಹಿಂದೆ ನಾಲ್ಕು ಜನ ಗಂಡಸರು. ಎಷ್ಟು ಹೊತ್ತಿನಿಂದ ಬಾಗಿಲು ಬಡಿಯುತ್ತಿದ್ದರೋ. ಅವನು ಒರಟು ಮಾತಾಡಲಿಲ್ಲ. ಅದೇ ಕಷ್ಟವಾಯಿತು.

"ಮೇಷ್ಟ್ರೇ, ನೀವು ನಮ್ಮವರು ಅಂತ ಮರ್ಯಾದೆಗೆ ಹೇಳ್ತಿದೀನಿ. ನಿಮ್ಮ ಹೆಣ್ಮಕ್ಕಳ ದನಿ ಕಡಲ ದಂಡೆ ತನಕ ಕೇಳ್ತಿದೆ. ಜೋಳ ಇನ್ನೂ ಮಣ್ಣೊಳಗಿದೆ."

ಕಡಲ ದಂಡೆಯಂತೆ. ನನ್ನ ಎದುರೇ ನಿಂತವರ ದನಿ ನನಗೆ ಸಾಲದೆ ನಾನು ಗೋಗರೆಯುತ್ತಿದ್ದರೆ ಅದು ದಂಡೆಗೆ ಕೇಳಿತಂತೆ. ಚರ್ಚಿನವರ ಮೇಲೆ ಹಳೆಯ ಮುನಿಸು ತೀರಿಸಿಕೊಳ್ಳಲು ಬಂದಿದ್ದಾರೆ ಎಂದು ಬಾಯಿ ತೆರೆಯುವಷ್ಟರಲ್ಲಿ ಒಕಾಂಟೇ ಎದ್ದು ಹೋಗಿ ಅವರ ಮುಂದೆ ಬಗ್ಗಿ ನಿಂತು, ತಪ್ಪು ನನ್ನದು, ಆರ್ಗನ್ನಿನ ದೊಡ್ಡ ಸ್ವರ ನಾನೇ ತೆರೆದೆ, ಅದಕ್ಕೆ ಇವರೆಲ್ಲ ಜೋರಾದರು ಎಂದ. ಸುಳ್ಳು. ಯಾರು ಕೇಳಿದ್ದರು ಇವನ ಕ್ಷಮೆಯನ್ನು? ನಿಷೇಧ ಏಳುವವರೆಗೆ ಅಭ್ಯಾಸ ಬೇಡ ಎಂದು ಹಿರಿಯರ ಸಭೆ ಸಂಜೆಯೇ ಹೇಳಿ ಕಳಿಸಿತು.

ಮೇ ೧೯, ಭಾನುವಾರ

ಚರ್ಚಿಗೆ ಹೋದೆ. ಯಾರೊಂದಿಗೂ ಮಾತಾಡಲಿಲ್ಲ.

ಮೇ ೨೨, ಬುಧವಾರ

ಇದ್ರಿಸು ಬೋರ್ಡ್ ಹಿಡಿದುಕೊಂಡು ಬಂದ. ಶೋರ್ಮೆಯ ನಂಬರಿಗೆ ಕರೆ ಮಾಡಿದ್ದನಂತೆ. ಬಿಚ್ಚುವ ಮೊದಲು ಒಂದು ಸಲ ನೋಡೋಣ ಎಂದು ಗುಂಡಿ ಒತ್ತಿದ. ಒತ್ತಿದವನು ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ನನ್ನ ಮುಖ ನೋಡಿದ. ಶೋರ್ಮೆ ಬಾಗಿಲಲ್ಲಿ ನಿಂತಿದ್ದಳು, ಅವಳ ಮುಖ ನೋಡಿದ.

"ಇದು ಕೂಗಲ್ಲ ಅಂದ್ರಲ್ಲ ಮೇಷ್ಟ್ರೇ?"

"ಕೂಗಲ್ಲ."

"ಈಗ ಕೂಗ್ತಿದೆ," ಎಂದ. "ಒಂದು ಉದ್ದ, ಮೂರು ಗಿಡ್ಡ. ಬೀದಿಗೆಲ್ಲ ಕೇಳೋ ಹಂಗೆ."

ನಾನು ಕಿವಿಗೊಟ್ಟೆ. ಏನೂ ಇರಲಿಲ್ಲ. ಫ್ಯಾನಿನ ಗಾಳಿ ಕೈಗೆ ತಾಗುತ್ತಿತ್ತು, ಅಷ್ಟೇ. ಈಗ ಶುರುವಾಗಿರಬೇಕು ಎಂದೆ. ಶೋರ್ಮೆ ಅಲ್ಲವೆಂದು ತಲೆಯಾಡಿಸಿದಳು.

"ಮೊದಲ ದಿನದಿಂದ್ಲೂ ಕೂಗ್ತಿದೆ ಅಪ್ಪಾ."

ಇದ್ರಿಸು ತಂದ ಬೋರ್ಡನ್ನು ಚೀಲದಿಂದ ಹೊರಗೂ ತೆಗೆಯಲಿಲ್ಲ. ಒಳಗಿನಿಂದ ಬೆರಳುದ್ದದ ಮೆಮೊರಿ ಪಟ್ಟಿಯನ್ನು ಕಿತ್ತು, ಶಾಲೆ ಮಕ್ಕಳ ರಬ್ಬರಿನಿಂದ ಅದರ ಹಲ್ಲುಗಳನ್ನು ಉಜ್ಜಿ, ಉಪ್ಪು ಕೂತಿದೆ ಎಂದು ತೋರಿಸಿ, ಮತ್ತೆ ಕೂರಿಸಿದ. ಪರದೆಗೆ ಬೆಳಕು ಬಂತು. ಇಷ್ಟೇ. ಇಷ್ಟೇ ಆಗಿತ್ತು. ನನ್ನ ಎದೆ ಹಗುರವಾಗುವಷ್ಟರಲ್ಲಿ ಅವನು ಕಿವಿಯನ್ನು ಪೆಟ್ಟಿಗೆಗೆ ಆನಿಸಿ, ಮುಖ ಗಂಟಿಕ್ಕಿ, ವೈರನ್ನೇ ಕಿತ್ತುಬಿಟ್ಟ. ಡಿಸ್ಕ್ ಒಳಗಿನಿಂದ ಬಡಿಯುತ್ತಿದೆಯಂತೆ. ಹಚ್ಚಿ ಆರಿಸಿ ಹಚ್ಚಿ ಆರಿಸಿ ಅದು ಸೋತಿದೆ. ಎಷ್ಟು ಸಲ ಹಚ್ಚಿದ್ರಿ ಎಂದು ಕೇಳಿದ. ನಾನು ಮುಚ್ಚಳದ ತಿರುಪುಗಳನ್ನು ಆಯತೊಡಗಿದೆ. ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ.

ಮೇ ೨೩, ಗುರುವಾರ

ಇಬ್ಬರೂ ಸೇರಿ ಹೇಳಿದರೆ ಸುಳ್ಳು ನಿಜವಾಗುತ್ತದೆಯೇ? ಬೋರ್ಡ್ ತಪ್ಪು ತಂದಿದ್ದ, ಅದನ್ನು ಮುಚ್ಚಿಕೊಳ್ಳಲು ಏನೋ ಹೇಳಿದ. ಶೋರ್ಮೆ ಅವನ ತಾಳಕ್ಕೆ ತಲೆ ತೂಗಿದಳು.

ಮೇ ೨೬, ಭಾನುವಾರ

ಮಧ್ಯಾಹ್ನ ಸ್ವರ ಹಿಡಿಯುವ ಉಕ್ಕಿನ ಶ್ರುತಿಕವೆ ತೆಗೆದೆ. ಮೊದಲ ಸಲ ಕೋಲು ಹಿಡಿದಾಗ ನನ್ನ ಗುರುಗಳು ಕೊಟ್ಟದ್ದು. ಮೊಣಕಾಲಿಗೆ ತಟ್ಟಿ ಕಿವಿಯ ಹತ್ತಿರ ಹಿಡಿದೆ. ಎಡಕ್ಕೆ, ಬಲಕ್ಕೆ. ಮತ್ತೆ ತಟ್ಟಿ ನೀರಿನ ಲೋಟದಲ್ಲಿ ಅದ್ದಿದೆ, ನೀರು ಸಿಡಿದು ಮೇಜಿನ ಮೇಲೆ ಬಿತ್ತು. ಹಾಗಾದರೆ ಕವೆ ನಡುಗುತ್ತಿದೆ. ಬುಡದಲ್ಲಿ ಸ್ವಲ್ಪ ತುಕ್ಕು ಕಾಣುತ್ತದೆ, ತುಕ್ಕು ಹಿಡಿದರೆ ದನಿ ಇಳಿಯುವುದು ಸಹಜ.

ಶೋರ್ಮೆ ಆಸ್ಪತ್ರೆ ಎಂದಳು. ನನ್ನೆದುರು ಬಂದು, ನನ್ನ ಮುಖ ಹಿಡಿದಂತೆ ನೋಡುತ್ತ ಹೇಳಿದಳು. ಮಗುವಿಗೆ ಹೇಳುವ ಹಾಗೆ ಹೇಳಬೇಡ ಎಂದು ರೇಗಿದೆ. ಅವಳು ಅತ್ತಳು. ಅಳುವುದು ಕಾಣಿಸಿತು.

ತಟ್ಟೆಯಲ್ಲಿ ಮೀನು ಹಾಗೇ ಇದೆ. ನಾನು ಅವಳ ಮೇಲೆ ರೇಗಬಾರದಿತ್ತು.

ಮೇ ೩೧, ಶುಕ್ರವಾರ

ಇದ್ರಿಸುವಿನ ಅಂಗಡಿ. ಜೊತೆಗೆ ಶೋರ್ಮೆ ಬಂದಳು, ಬೇಡ ಎನ್ನಲಿಲ್ಲ. ಅವನೀಗ ನನ್ನೆದುರು ನಿಂತು, ತುಟಿ ಕಾಣುವ ಹಾಗೆ ಮಾತಾಡುತ್ತಾನೆ. ಯಾರು ಹೇಳಿಕೊಟ್ಟರೋ ಕೇಳಲಿಲ್ಲ.

ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ಇಟ್ಟಿದ್ದ. ಇನ್ನೂ ಹಚ್ಚಿರಲಿಲ್ಲ, ನಾನು ಬರಲಿ ಎಂದು ಕಾದಿದ್ದ. ಸುತ್ತಲಿನ ಅಂಗಡಿಯವರೂ ಬಂದು ನಿಂತರು.

"ಇದು ಎಷ್ಟೊತ್ತು ತಿರುಗತ್ತೋ ದೇವರಿಗೇ ಗೊತ್ತು," ಎಂದ. "ಮೊದ್ಲು ಯಾವ್ದು ತೆಗೀಲಿ ಹೇಳಿ. ಒಂದೇ ಹೇಳಿ ಮೇಷ್ಟ್ರೇ."

ಅದರಲ್ಲಿ ನನ್ನ ಎಲ್ಲ ಕೀರ್ತನೆಗಳೂ ಇದ್ದವು. ನನ್ನ ಮದುವೆಗೆ ಕಟ್ಟಿದ್ದು, ನನ್ನ ಹೆಂಡತಿಯ ಮಣ್ಣಿನ ದಿನ ಹಾಡಿಸಿದ್ದು. ಸುಗ್ಗಿ ಹಾಡು ಎಂದೆ. ಅವನು ಹಚ್ಚಿದ. ನಾನು ಡಿಸ್ಕಿನ ಬೆನ್ನ ಮೇಲೆ ಬೆರಳಿಟ್ಟೆ, ಯಾರೂ ತಡೆಯಲಿಲ್ಲ. ತಿರುಗುತ್ತಿತ್ತು. ಪರದೆಯ ಮೇಲೆ ಹಸಿರು ಪಟ್ಟಿ ಬಸವನಹುಳುವಿನ ಹಾಗೆ ತೆವಳಿತು. ಅರ್ಧಕ್ಕೆ ಬಂದು ನಿಂತಿತು. ಶೋರ್ಮೆ ನನ್ನ ತೋಳು ಹಿಡಿದಳು. ಮತ್ತೆ ತೆವಳಿತು, ಕೊನೆ ಮುಟ್ಟಿತು. ಇದ್ರಿಸು ಮುಂದಿನದಕ್ಕೆ ಕೈ ಹಾಕಿದ. ಆಗ ಬೆರಳಿಗೆ ಬಡಿತ ತಾಗಿತು, ಒಂದು, ಎರಡು, ಆಮೇಲೆ ಏನೂ ಇಲ್ಲ. ಎಲ್ಲರಿಗಿಂತ ಮೊದಲು ನನಗೆ ಗೊತ್ತಾಯಿತು. ಕೈ ತೆಗೆದೆ.

ಉಳಿದ ಹಾಡುಗಳೆಲ್ಲ ಹೋದವು. ಸುಗ್ಗಿ ಹಾಡು ಬಂದಿದೆ, ಆದರೆ ಪೂರ್ತಿ ಬಂದಿದೆಯೋ ಮುರಿದಿದೆಯೋ ಹೇಳಲು ಆಗುವುದಿಲ್ಲ. ಅದನ್ನು ತೆರೆಯುವ ತಂತ್ರಾಂಶ ನನ್ನ ಹಳೆಯ ಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಹೊಸ ಡಿಸ್ಕಿಗೆ ಎಲ್ಲ ಹಾಕಿ ತರುತ್ತೇನೆ, ಒಂದು ವಾರ ಕೊಡಿ ಎಂದ. ನನ್ನ ಹತ್ತಿರ ಇರುವುದೇ ಒಂದು ವಾರ.

ಜೂನ್ ೬, ಗುರುವಾರ

ನಿಷೇಧ ಎದ್ದಿತು.

ದೊರೆಯ ಅಂಗಳಕ್ಕೆ ಹೋಗಿದ್ದೆ. ಹೋಗಲೇಬೇಕಿತ್ತು. ಇಷ್ಟು ದಿನ ಮನಸ್ಸಿನೊಳಗೆ ಒಂದೇ ಮಾತು: ಊರೇ ಸುಮ್ಮನಿದೆ, ಅದಕ್ಕೆ ನನಗೂ ಎಲ್ಲ ಸುಮ್ಮನೆ. ಡೋಲು ಬಾರಿಸಲಿ, ಆಗ ನೋಡೋಣ. ಜನ ಗೋಡೆಯ ಮೇಲೂ ಹತ್ತಿ ಕೂತಿದ್ದರು. ಆ ಹಿರಿಯನೇ ನನ್ನನ್ನು ಕಂಡು ಜಾಗ ಮಾಡಿಸಿ ಮುಂದೆ ನಿಲ್ಲಿಸಿದ. ದೊಡ್ಡ ಡೋಲಿಗೆ ಮೊದಲ ಪೆಟ್ಟು ಬಿತ್ತು.

ಕೇಳಿಸಿತು. ಎದೆಗೆ, ಹೊಟ್ಟೆಗೆ, ಅಂಗಾಲಿಗೆ. ನಾನು ಜೋರಾಗಿ ನಕ್ಕುಬಿಟ್ಟೆ. ಶೋರ್ಮೆಯನ್ನು ಹುಡುಕಿ, ನೋಡು ಕೇಳಿಸಿತು ಎನ್ನಬೇಕೆಂದು ತಿರುಗಿದೆ. ಪಕ್ಕದಲ್ಲೇ ಒಬ್ಬ ಜೋಡಿಗಂಟೆ ಬಾರಿಸುತ್ತಿದ್ದ. ಅವನ ಬೆವರು ನನ್ನ ತೋಳಿಗೆ ಸಿಡಿಯುವಷ್ಟು ಹತ್ತಿರ. ಕಬ್ಬಿಣದ ಗಂಟೆ, ಕಬ್ಬಿಣದ ಕಡ್ಡಿ. ಅವನ ಮಣಿಕಟ್ಟು ಮೇಲೆ ಕೆಳಗೆ ಹೋಗುತ್ತಿತ್ತು, ತಾಳ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಹೆಂಗಸರು ಬಾಯಿ ತೆರೆದು ಹಾಡುತ್ತಿದ್ದರು. ಡೋಲು ಬಿಟ್ಟರೆ ನನಗೆ ಏನೂ ಕೇಳಿಸಲಿಲ್ಲ.

ಅವನ ಕೈಯಿಂದ ಗಂಟೆ ತೆಗೆದುಕೊಂಡೆ. ಮುದುಕನಿಗೆ ಹುಮ್ಮಸ್ಸು ಬಂತೆಂದು ಅವನು ನಗುತ್ತ ಕೊಟ್ಟ. ಹೊಡೆದೆ. ಕೈ ಜುಮ್ಮೆಂದಿತು. ಇನ್ನೂ ಜೋರಾಗಿ ಹೊಡೆದೆ. ಹತ್ತಿರ ನಿಂತವರು ಕಿವಿ ಮುಚ್ಚಿಕೊಂಡರು. ಗಂಟೆಯನ್ನು ಹಿಂದಕ್ಕೆ ಕೊಟ್ಟು ಮನೆಗೆ ಬಂದೆ.

ನನಗೆ ಹೆದರಿಕೆಯಾಗಿದೆ. ಬರೆಯದೆ ಬಿಟ್ಟರೆ ಹೋಗುವ ಹೆದರಿಕೆಯಲ್ಲ ಇದು. ಕವೆಗೆ ತುಕ್ಕು ಹಿಡಿದಿಲ್ಲ. ಫೋನ್ ಕೆಟ್ಟಿಲ್ಲ. ಲಮಿಲೇ ಪಾಪ, ಗಂಟಲು ಹರಿಯುವಂತೆ ಹಾಡಿದ್ದಳು.

ಜೂನ್ ೭, ಶುಕ್ರವಾರ

ಇದ್ರಿಸು ಬೆಳಗ್ಗೆಯೇ ಬಂದ. ಹೊಸ ಡಿಸ್ಕ್ ಕೂರಿಸಿ ಗುಂಡಿ ಒತ್ತಿ ನನ್ನ ಕಡೆ ನೋಡಿ ಒಂದು ಬೆರಳು ಎತ್ತಿದ. ಒಂದೇ ಸಲ ಕೂಗಿತು ಎಂದು ಅರ್ಥ. ಪರದೆ ಬೆಳಗಿತು. ಹಾಡು ತೆರೆಯಿತು. ನಾನು ಕೆಳಕ್ಕೆ ಕೆಳಕ್ಕೆ ಇಳಿಸುತ್ತ ಹೋದೆ, ಒಂದೊಂದು ಸ್ವರವನ್ನೂ ಓದುತ್ತ. ಕೊನೆಯ ಸಾಲಿನವರೆಗೂ ಇದೆ. ಎಲ್ಲೂ ಮುರಿದಿಲ್ಲ. ಓ ದೇವರೇ ಎಂದೆ.

ನುಡಿಸುವ ಗುಂಡಿ ಒತ್ತಿದೆ. ಪರದೆಯ ಮೇಲೆ ಕೆಂಪು ಗೆರೆ ಸ್ವರಗಳ ಮೇಲೆ ಸರಿಯತೊಡಗಿತು. ಬಾಸ್ ಇದ್ದಲ್ಲಿ ಮೇಜು ಸ್ವಲ್ಪ ಗುಂಯ್ ಎಂದಿತು. ಉಳಿದದ್ದಕ್ಕೆ ನಾನು ಶೋರ್ಮೆಯ ಮುಖ ನೋಡಿದೆ. ಹಿಟ್ಟಿನ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಸೊಪ್ರಾನೊ ಮೇಲೆ ಏರುವ ಕಡೆ ಅವಳ ಹುಬ್ಬು ಏರಿತು. ಮುಗಿದ ಮೇಲೆ ಹೇಗಿದೆ ಎಂದು ಕೇಳಿದೆ. ಅವಳು ನನ್ನೆದುರು ಬಂದು ಕೂತು ನಿಧಾನವಾಗಿ ಹೇಳಿದಳು.

"ಚೆನ್ನಾಗಿದೆ ಅಪ್ಪಾ. ಆದ್ರೆ ಒಂದ್ಕಡೆ ಹೆಂಗಸರು ತುಂಬಾ ಮೇಲೆ ಹೋಗ್ತಾರೆ. ಕಿವಿಗೆ ಚುಚ್ಚತ್ತೆ."

ಚುಚ್ಚಲೆಂದೇ ಬರೆದದ್ದು ಎಂದೆ. ಜೋಳ ಮಣ್ಣು ಸೀಳಿಕೊಂಡು ಬರುವ ಜಾಗ ಅದು, ಜೋಗುಳವಲ್ಲ. ಅವಳು ವಾದಿಸಿದಳು, ನಾನೂ ವಾದಿಸಿದೆ. ಹೀಗೆ ಮಾತಾಡಿ ಎಷ್ಟೋ ಕಾಲವಾಗಿತ್ತು.

ಸಂಜೆ ಒಕಾಂಟೇಯನ್ನು ಕರೆಸಿದೆ. ಮುದ್ರಿಸಿದ ಹಾಳೆಗಳನ್ನೂ ಕೋಲನ್ನೂ ಮೇಜಿನ ಮೇಲಿಟ್ಟು, ಭಾನುವಾರ ಇದನ್ನು ನೀನು ಹಿಡಿ ಎಂದೆ. ನೀವಿರುವಾಗ ನಾನು ಮುಟ್ಟುವುದಿಲ್ಲ ಎಂದ.

"ನಂಗೆ ಕೇಳ್ಸಲ್ಲ ಒಕಾಂಟೇ."

ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅವನು ಆಶ್ಚರ್ಯಪಡುತ್ತಾನೆ ಎಂದುಕೊಂಡಿದ್ದೆ. ಅವನು ನೆಲ ನೋಡಿ, ಆಮೇಲೆ ನೆನಪಾದವನಂತೆ ತಲೆ ಎತ್ತಿ ನನ್ನ ಮುಖ ನೋಡಿ ಹೇಳಿದ.

"ಗೊತ್ತು ಮೇಷ್ಟ್ರೇ. ಕ್ರಿಸ್‌ಮಸ್‌ನಿಂದ್ಲೇ ಗೊತ್ತು. ಎಲ್ರಿಗೂ ಗೊತ್ತು."

ಕ್ರಿಸ್‌ಮಸ್‌ನಿಂದ ಗಾಯಕರೆಲ್ಲ ನನ್ನ ಕೋಲನ್ನು ನೋಡುವ ಹಾಗೆ ಮಾಡಿ ಅವನ ತಲೆಯಾಟವನ್ನು ನೋಡುತ್ತ ಹಾಡುತ್ತಿದ್ದಾರೆ. ಆರ್ಗನ್ನಿನ ಹಿಂದೆ ತಲೆ ತಗ್ಗಿಸಿ ಏನೋ ಸಂಚು ಮಾಡುತ್ತಾನೆ ಎಂದು ನಾನು ಅಂದುಕೊಂಡಾಗೆಲ್ಲ ಅವನು ಗದ್ದದಿಂದ ಸೊಪ್ರಾನೊಗಳಿಗೆ ಎಲ್ಲಿ ಶುರು ಮಾಡಬೇಕೆಂದು ಸೂಚನೆ ಕೊಡುತ್ತಿದ್ದ. ಹಿರಿಯರ ಸಭೆಗೆ ಒಬ್ಬರೂ ಹೇಳಿಲ್ಲ. ನನಗೂ ಹೇಳಲಿಲ್ಲ. ಮೈಯೆಲ್ಲ ಉರಿಯಿತು. ಅವಮಾನವೋ ಪ್ರೀತಿಯೋ ತಿಳಿಯಲಿಲ್ಲ. ಆಮೇಲೆ ಹಾಳೆ ತೆರೆದು, ಈ ಜಾಗದಲ್ಲಿ ಅವಸರ ಮಾಡಬೇಡ, ಇಲ್ಲಿ ಆಲ್ಟೊ ಹೆಂಗಸರಿಗೆ ಉಸಿರೆಳೆಯಲು ಬಿಡು ಎಂದು ಹೇಳತೊಡಗಿದೆ. ಅವನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡ. ಮುಗಿಯುವಾಗ ಶೋರ್ಮೆ ಮೂವರಿಗೂ ಕೆಂಕಿ ಮತ್ತು ಖಾರ ತಂದಿಟ್ಟಳು.

ಜೂನ್ ೮, ಶನಿವಾರ

ಇಡೀ ದಿನ ಅಭ್ಯಾಸ, ಕಿಟಕಿಗಳನ್ನೆಲ್ಲ ತೆರೆದು. ನಾನು ಬೆಂಚಿನಲ್ಲಿ ಕೂತೆ. ಲಮಿಲೇ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವಳು ನನ್ನ ಕೆನ್ನೆ ತಟ್ಟಿದಳು, ಮೀನಿನ ವಾಸನೆಯ ಕೈ.

ಜೂನ್ ೯, ಭಾನುವಾರ

ಹಾಡಿನ ಮೂರನೆಯ ಸಾಲಿನಲ್ಲಿ ಒಕಾಂಟೇ ಅವಸರ ಮಾಡಿದ. ಅಷ್ಟು ಹೇಳಿದ್ದೆ. ಆಲ್ಟೊ ಹೆಂಗಸರ ಭುಜ ನೋಡಿದರೇ ಗೊತ್ತಾಯಿತು, ಉಸಿರು ಎಳೆದುಕೊಳ್ಳಲು ಜಾಗ ಸಿಗಲಿಲ್ಲ. ನಾಳೆ ಕರೆದು ಹೇಳಬೇಕು. ಟೆನರ್‌ಗಳಲ್ಲಿ ಇಬ್ಬರು ಹಾಳೆಯಿಂದ ಕಣ್ಣೇ ಎತ್ತಲಿಲ್ಲ. ಬಾಸ್ ಗಂಡಸರು ಹದವಾಗಿದ್ದರು, ಬೆಂಚಿನ ಮರದಲ್ಲಿ ತಿಳಿಯುತ್ತಿತ್ತು. ಸೊಪ್ರಾನೊ ಮೇಲೇರುವ ಜಾಗ ಬಂದಾಗ ಮುಂದಿನ ಸಾಲಿನ ಹಿರಿಯರೆಲ್ಲ ಒಮ್ಮೆಲೇ ನೆಟ್ಟಗೆ ಕೂತರು. ಪಕ್ಕದಲ್ಲಿ ಶೋರ್ಮೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಚುಚ್ಚಿತೇ ಎಂದು ಕೇಳಿದೆ, ಹೌದೆಂದು ತಲೆಯಾಡಿಸಿದಳು.

ಮುಗಿದ ಮೇಲೆ ತುಂಬ ಜನ ಬಂದು ಕೈ ಹಿಡಿದುಕೊಂಡರು. ಹಾಡು ಬಹಳ ಚೆನ್ನಾಗಿತ್ತಂತೆ.